ಯಾಕ್ ಉಳಿಯಬೇಕಾದರೆ ಕಾಯುವವನೂ ಉಳಿಯಬೇಕು

(ಹಿಮಾಲಯದ ಪಶುಪಾಲಕರ ಬದುಕು ಕುರಿತ ಉಪನ್ಯಾಸದ ಬರಹರೂಪ)



ಕನ್ನಡ ನಾಡಿನ ದೇವಾಲಯಗಳಲ್ಲಿ ಮಹಾಪೂಜೆಯ ಹೊತ್ತಿಗೆ ನಡೆಯುವ ಚಾಮರ ಸೇವೆಯನ್ನು ಕಾಣದವರು ವಿರಳ. ಹೊಯ್ಸಳರ ಗುಡಿಗಳ ದ್ವಾರಗಳಲ್ಲಿ ಚಾಮರಧಾರಿಣಿಯರು ನಿಂತಿದ್ದಾರೆ. ಛತ್ರ ಚಾಮರಗಳಿಲ್ಲದೆ ಅರಸನಿಗೂ ಉತ್ಸವಮೂರ್ತಿಗೂ ಶೋಭೆಯಿಲ್ಲ ಎಂಬುದು ಹಳೆಯ ನಂಬಿಕೆ. ಆದರೆ ಚಾಮರದ ಆ ಉದ್ದನೆಯ ಬಿಳಿಯ ಕೂದಲು ಯಾವ ಪ್ರಾಣಿಯದು, ಅದು ಎಲ್ಲಿ ಮೇಯುತ್ತದೆ, ಅದನ್ನು ಕಾಯುವವರು ಯಾರು ಎಂದು ಕೇಳಿದವರು ಕಡಿಮೆ. ಅದು ಚಮರೀಮೃಗದ ಬಾಲದ ಕೂದಲು. ಕಾಳಿದಾಸನು ಕುಮಾರಸಂಭವದ ಹಿಮಾಲಯ ವರ್ಣನೆಯಲ್ಲಿ ಹೆಸರಿಸಿರುವ ಆ ಚಮರಿಯೇ ಇಂದು ಲೋಕವೆಲ್ಲ ಕರೆಯುವ ಯಾಕ್. ಸಾವಿರಾರು ಮೈಲಿ ದೂರದ ಹಿಮದ ನಾಡಿನಿಂದ ವ್ಯಾಪಾರದ ದಾರಿಗಳಲ್ಲಿ ಅದರ ಬಾಲದ ಕೂದಲು ದಕ್ಷಿಣಕ್ಕೆ ಬಂದಿತು. ಅದನ್ನು ಸಾಕಿದವರ ಕಥೆ ಮಾತ್ರ ಜೊತೆಗೆ ಬರಲಿಲ್ಲ.

ಇನ್ನೊಂದು ನಂಟೂ ಇದೆ. 1960ರಲ್ಲಿ ಬೈಲಕುಪ್ಪೆಯಲ್ಲಿಯೂ 1966ರಲ್ಲಿ ಮುಂಡಗೋಡಿನಲ್ಲಿಯೂ ಟಿಬೆಟನ್ ನಿರಾಶ್ರಿತರ ವಸತಿಗಳು ಆರಂಭವಾದವು. ಅಲ್ಲಿ ನೆಲೆಸಿ ಕಾಡು ಸವರಿ ಜೋಳ ಬೆಳೆದವರಲ್ಲಿ, ಅದಕ್ಕೆ ಮೊದಲು ಯಾಕ್ ಹಿಂಡುಗಳ ಹಿಂದೆ ನಡೆದು ಬದುಕಿದ ಮನೆತನಗಳವರೂ ಇದ್ದರು. ಪಶುಪಾಲಕನಿಂದ ಹುಲ್ಲುಗಾವಲನ್ನು ಕಿತ್ತುಕೊಂಡರೆ ಒಂದು ತಲೆಮಾರಿನಲ್ಲಿ ಏನೆಲ್ಲ ಮಾಯವಾಗುತ್ತದೆ ಎಂಬುದಕ್ಕೆ ಸಾಕ್ಷಿ ಹುಡುಕಲು ಕನ್ನಡಿಗರು ಹಿಮಾಲಯದವರೆಗೆ ಹೋಗಬೇಕಾಗಿಲ್ಲ.

ಎತ್ತರಕ್ಕಾಗಿಯೇ ರೂಪುಗೊಂಡ ಪ್ರಾಣಿ

ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್. ಅದಕ್ಕಿಂತ ಸಾವಿರ ಮೀಟರ್ ಮೇಲೆ, ಅಂದರೆ ಸಮುದ್ರಮಟ್ಟದಿಂದ ಸುಮಾರು 3,000 ಮೀಟರ್ ಎತ್ತರದಲ್ಲಿ, ಯಾಕಿನ ಬದುಕು ಆರಂಭವಾಗುತ್ತದೆ. ಅಲ್ಲಿಂದ 5,000 ಮೀಟರಿನವರೆಗೆ, ಮರವೆಂಬುದೇ ಬೆಳೆಯದ ಬಯಲುಗಳಲ್ಲಿ, ಅದು ಮೇಯುತ್ತದೆ. ಆ ಎತ್ತರದ ಗಾಳಿಯಲ್ಲಿ ಪ್ರಾಣವಾಯು ವಿರಳ. ಬಯಲುಸೀಮೆಯ ಹಸುವನ್ನು ಅಲ್ಲಿಗೆ ಕೊಂಡೊಯ್ದರೆ ಏದುಸಿರು ಬಿಟ್ಟು ಬಳಲುತ್ತದೆ. ಯಾಕಿನದು ದೊಡ್ಡ ಹೃದಯ, ದೊಡ್ಡ ಶ್ವಾಸಕೋಶ. ಹಸುವಿಗೆ 13 ಜೊತೆ ಪಕ್ಕೆಲುಬುಗಳಿದ್ದರೆ ಯಾಕಿಗೆ ಸಾಮಾನ್ಯವಾಗಿ 14 ಜೊತೆ. ಮೈಮೇಲೆ ಎರಡು ಪದರದ ಕೂದಲು: ಹೊರಗೆ ನೆಲ ಮುಟ್ಟುವಂತಹ ಒರಟು ಕೂದಲು, ಒಳಗೆ ಚಳಿಗಾಲದಲ್ಲಿ ದಟ್ಟವಾಗುವ ನಯವಾದ ಉಣ್ಣೆ. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯನ್ನೂ ಅದು ಸಹಿಸಬಲ್ಲದು.

ಚಳಿಗೆ ಹೊಂದಿಕೊಂಡ ಈ ದೇಹವೇ ಸೆಕೆಗೆ ಸೋಲುತ್ತದೆ. ಯಾಕಿನ ಬೆವರುಗ್ರಂಥಿಗಳು ಬಹುಮಟ್ಟಿಗೆ ನಿಷ್ಕ್ರಿಯ. ಗಾಳಿಯ ಉಷ್ಣತೆ ಸುಮಾರು 13ರಿಂದ 15 ಡಿಗ್ರಿ ಸೆಲ್ಸಿಯಸ್ ದಾಟಿದೊಡನೆ ಅದರ ಉಸಿರಾಟ ತೀವ್ರವಾಗುತ್ತದೆ, ಮೇವು ತಿನ್ನುವುದು ಕಡಿಮೆಯಾಗುತ್ತದೆ. ಮಲೆನಾಡಿನಲ್ಲಿ ಇದು ಕಂಬಳಿ ಹೊದೆಯುವ ಚಳಿ. ಯಾಕಿಗೆ ಅದೇ ಬೇಗೆ. ಹವಾಮಾನ ಬದಲಾವಣೆಯ ಕುರಿತ ಚರ್ಚೆ ಈ ಪ್ರಾಣಿಯ ಮಟ್ಟಿಗೆ ಪುಸ್ತಕದ ಮಾತಲ್ಲ ಎಂಬುದು ಇದರಿಂದ ತಿಳಿಯುತ್ತದೆ. ತಂಪು ಬೇಕಾದರೆ ಮೇಲೆ ಹೋಗಬೇಕು. ಆದರೆ ಬೆಟ್ಟಕ್ಕೆ ಒಂದು ತುದಿಯಿದೆ.

ಸಂತಾನದ ವಿಚಾರದಲ್ಲಿಯೂ ಯಾಕ್ ನಿಧಾನಿ. ಕಡಸು ಮೊದಲ ಕರು ಹಾಕುವುದು ನಾಲ್ಕು ಅಥವಾ ಐದನೆಯ ವರ್ಷದಲ್ಲಿ. ಗಬ್ಬದ ಅವಧಿ ಸುಮಾರು ಎಂಟೂವರೆ ತಿಂಗಳು. ಅನಂತರವೂ ಸಾಮಾನ್ಯವಾಗಿ ಎರಡು ವರ್ಷಕ್ಕೊಂದು ಕರು. ದಿನಕ್ಕೆ ದೊರೆಯುವ ಹಾಲು ಒಂದೆರಡು ಲೀಟರ್ ಮಾತ್ರ. ಆದರೆ ಆ ಹಾಲಿನಲ್ಲಿ ಕೊಬ್ಬಿನಂಶ ಶೇಕಡಾ 6ರಿಂದ 7. ಬೆಣ್ಣೆ ತೆಗೆದುಳಿದ ಮಜ್ಜಿಗೆಯನ್ನು ಕಾಯಿಸಿ, ಒಡೆಸಿ, ನೀರು ಬಸಿದು ಮಾಡುವ ಚುರ್ಪಿಯನ್ನು ಮೆದುವಾಗಿದ್ದಾಗಲೇ ಅಡುಗೆಗೆ ಬಳಸುವುದುಂಟು. ಕಲ್ಲಿನಂತೆ ಗಟ್ಟಿಯಾಗುವವರೆಗೆ ಒಣಗಿಸಿ ವರ್ಷಗಟ್ಟಲೆ ಇಡುವುದೂ ಉಂಟು. ಒರಟು ಕೂದಲಿನಿಂದ ಹಗ್ಗ ಮತ್ತು ಡೇರೆ, ಒಳಗಿನ ಉಣ್ಣೆಯಿಂದ ಬಟ್ಟೆ, ಸಗಣಿಯಿಂದ ಸೌದೆಯಿಲ್ಲದ ನಾಡಿನ ಒಲೆಗೆ ಉರುವಲು, ಬೆನ್ನಿನ ಮೇಲೆ ಹೊರೆ: ಒಂದೇ ಪ್ರಾಣಿ ಒಂದು ಸಂಸಾರವನ್ನು ಹೀಗೆ ಹೊತ್ತು ನಡೆಯುತ್ತದೆ.

ಕಾಯುವವರು ಯಾರು?

ಲೋಕದಲ್ಲಿ ಇರುವ ಒಂದು ಕೋಟಿಗೂ ಮಿಕ್ಕಿದ ಯಾಕುಗಳಲ್ಲಿ ಬಹುಪಾಲು ಚೀನಾದ ಆಡಳಿತಕ್ಕೊಳಪಟ್ಟ ಟಿಬೆಟ್ ಪ್ರಸ್ಥಭೂಮಿಯಲ್ಲಿವೆ. ಮಂಗೋಲಿಯ, ನೇಪಾಳ, ಭೂತಾನಗಳಲ್ಲಿಯೂ ಇವೆ. ಭಾರತದ ಪಾಲು ತೀರ ಚಿಕ್ಕದು. 2012ರ ಜಾನುವಾರು ಗಣತಿಯಲ್ಲಿ ದೇಶದ ಯಾಕುಗಳ ಸಂಖ್ಯೆ ಸುಮಾರು 77,000. 2019ರ ಗಣತಿಯಲ್ಲಿ ಅದು ಸುಮಾರು 58,000ಕ್ಕೆ ಇಳಿದಿತ್ತು. ಏಳು ವರ್ಷಗಳಲ್ಲಿ ನಾಲ್ಕನೆಯ ಒಂದು ಭಾಗ ಕಣ್ಮರೆಯಾಯಿತು.

ಈ ಇಳಿಕೆ ಎಲ್ಲೆಡೆ ಒಂದೇ ಬಗೆಯದಲ್ಲ. ಲಡಾಖ್ ಒಳಗೊಂಡ ಅಂದಿನ ಜಮ್ಮು ಮತ್ತು ಕಾಶ್ಮೀರದಲ್ಲಿ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿಯಿತು. ಅರುಣಾಚಲ ಪ್ರದೇಶದಲ್ಲಿ ಅದೇ ಅವಧಿಯಲ್ಲಿ 14,000ದಷ್ಟಿದ್ದುದು 24,000ಕ್ಕೆ ಏರಿತು. ಆದರೆ ತಲೆಯೆಣಿಕೆಯೇ ಪೂರ್ಣ ಸತ್ಯವಲ್ಲ. ಹಿಂಡು ದೊಡ್ಡದಾಗಿ ಸಾಕುವ ಮನೆಗಳು ಕಡಿಮೆಯಾದರೂ ಗಣತಿಯ ಅಂಕಿ ಏರಬಹುದು. ಅರುಣಾಚಲದ ಪಶ್ಚಿಮ ಕಾಮೆಂಗ್ ಮತ್ತು ತವಾಂಗ್ ಜಿಲ್ಲೆಗಳಲ್ಲಿ ಮೋನ್ಪಾ ಜನರ ನಡುವೆ ಬ್ರೋಕ್ಪಾ ಎಂಬ ಪಶುಪಾಲಕರಿದ್ದಾರೆ. ಅವರ ಮಕ್ಕಳಲ್ಲಿ ಹಿಂಡಿನ ಹಿಂದೆ ಹೋಗುವವರು ಕಡಿಮೆಯಾಗುತ್ತಿದ್ದಾರೆ ಎಂಬುದು ಆ ಸೀಮೆಯ ಎಲ್ಲರೂ ಬಲ್ಲ ಸಂಗತಿ.

ಬ್ರೋಕ್ಪಾಗಳ ವರ್ಷವೆಂದರೆ ಒಂದು ಏರಿಳಿತ. ಬೇಸಿಗೆಯಲ್ಲಿ ಹಿಮ ಕರಗಿದಂತೆ 4,000 ಮೀಟರಿಗೂ ಮೇಲಿನ ಹುಲ್ಲುಗಾವಲುಗಳಿಗೆ ಏರುತ್ತಾರೆ. ಚಳಿಗಾಲದಲ್ಲಿ ಕಾಡಿನ ಅಂಚಿನ ತಗ್ಗಿಗೆ ಇಳಿಯುತ್ತಾರೆ. ಹುಲ್ಲು ಮುಗಿದಾಗ ಓಕ್ ಮತ್ತು ವಿಲ್ಲೋ ಮರಗಳ ಸೊಪ್ಪು ಕಡಿದು ಹಾಕುತ್ತಾರೆ. ಹುಲ್ಲುಗಾವಲುಗಳ ಒಡೆತನ ಹೆಚ್ಚಾಗಿ ಹಳ್ಳಿಗಳದು ಅಥವಾ ಕುಲಗಳದು. ಮೇಯಿಸುವವನು ಅದಕ್ಕೆ ಪ್ರತಿಯಾಗಿ ಬೆಣ್ಣೆ, ಚುರ್ಪಿ ಕೊಡುತ್ತಾನೆ. ಕೆಳಗಿನ ಹಳ್ಳಿಗಳ ಕೃಷಿಕರಿಂದ ಧಾನ್ಯ, ಮೆಣಸಿನಕಾಯಿ ಪಡೆದು ಬೆಣ್ಣೆ ಕೊಡುವ ವಿನಿಮಯವೂ ತಲೆಮಾರುಗಳಿಂದ ನಡೆದುಬಂದಿದೆ. ಎತ್ತರದವನಿಗೆ ತಗ್ಗಿನವನೂ, ತಗ್ಗಿನವನಿಗೆ ಎತ್ತರದವನೂ ಬೇಕಾಗಿದ್ದ ವ್ಯವಸ್ಥೆ ಅದು.

ತಗ್ಗಿನ ಪ್ರದೇಶಗಳಿಗೆ ಹೊಂದುವಂತೆ ಯಾಕಿಗೂ ಗುಡ್ಡದ ಹಸುವಿಗೂ ಅಡ್ಡತಳಿ ಮಾಡುವ ಪದ್ಧತಿಯೂ ಪುರಾತನವಾದದ್ದು. ಹುಟ್ಟಿದ ಗಂಡಿಗೆ ಜೋ, ಹೆಣ್ಣಿಗೆ ಜೋಮೊ ಎಂದು ಹೆಸರು. ಜೋಮೊ ಯಾಕಿಗಿಂತ ಹೆಚ್ಚು ಹಾಲು ಕೊಡುತ್ತದೆ, ತುಸು ಸೆಕೆಯನ್ನೂ ತಡೆಯುತ್ತದೆ. ಜೋ ಹೊರೆಗೂ ನೇಗಿಲಿಗೂ ಗಟ್ಟಿ, ಆದರೆ ಬಂಜೆ. ಹಾಲಿನ ಆಸೆಗೆ ಶುದ್ಧ ಹೆಣ್ಣು ಯಾಕುಗಳನ್ನೆಲ್ಲ ಅಡ್ಡತಳಿಗೆ ಬಳಸಿದರೆ ಮುಂದಿನ ತಲೆಮಾರಿಗೆ ಶುದ್ಧ ಯಾಕೇ ಉಳಿಯದು. ಶುದ್ಧ ಯಾಕ್ ಉಳಿಯದಿದ್ದರೆ ಅಡ್ಡತಳಿಯೂ ಹುಟ್ಟದು. ಈ ಸರಳ ಲೆಕ್ಕವನ್ನು ಹಳೆಯ ಪಶುಪಾಲಕರು ಚೆನ್ನಾಗಿ ಬಲ್ಲರು. ಅದನ್ನು ಪಾಲಿಸುವಷ್ಟು ದೊಡ್ಡ ಹಿಂಡು ಅನೇಕರಲ್ಲಿ ಇಂದು ಉಳಿದಿಲ್ಲ.

ಮುಗುಥಾಂಗಿನ ಚಳಿಗಾಲ

ಉತ್ತರ ಸಿಕ್ಕಿಮಿನಲ್ಲಿ ಲಾಚೆನ್ ಎಂಬ ಹಳ್ಳಿಯ ಆಚೆಗೆ ಮುಗುಥಾಂಗ್ ಎಂಬ ಕಣಿವೆಯಿದೆ. ಬೆರಳೆಣಿಕೆಯ ಪಶುಪಾಲಕ ಕುಟುಂಬಗಳು ಅಲ್ಲಿ ಯಾಕ್ ಸಾಕುತ್ತವೆ. 2018ರ ಡಿಸೆಂಬರಿನಲ್ಲಿ ಆರಂಭವಾದ ಹಿಮಪಾತ ತಿಂಗಳುಗಟ್ಟಲೆ ನಿಲ್ಲಲಿಲ್ಲ. ಹುಲ್ಲು ಹಿಮದ ಅಡಿಗೆ ಸೇರಿತು, ದಾರಿ ಮುಚ್ಚಿತು. ಮೇವು ತಲುಪಿಸುವ ಪ್ರಯತ್ನಗಳು ಫಲಿಸಲಿಲ್ಲ. 2019ರ ಮೇ ತಿಂಗಳಿನಲ್ಲಿ ದಾರಿ ತೆರೆದು ಅಧಿಕಾರಿಗಳು ತಲುಪಿದಾಗ ಕಂಡದ್ದು ಯಾಕುಗಳ ಹೆಣಗಳನ್ನು. ಮುಗುಥಾಂಗ್ ಮತ್ತು ಯುಮ್ಥಾಂಗ್ ಕಣಿವೆಗಳಲ್ಲಿ ಸೇರಿ ಸುಮಾರು 300 ಯಾಕುಗಳು ಹಸಿವಿನಿಂದ ಸತ್ತಿದ್ದವು.

ಚಳಿಗೆ ಹೆದರದ ಪ್ರಾಣಿ ಹಸಿವಿಗೆ ಸತ್ತಿತು ಎಂಬುದೇ ಇಲ್ಲಿ ಗಮನಿಸಬೇಕಾದ ಸಂಗತಿ. ಭಾರಿ ಹಿಮ ಬೀಳುವ ವರ್ಷಗಳು ಹಿಂದೆಯೂ ಇದ್ದವು. ಆಗ ಪಶುಪಾಲಕನ ಕೈಯಲ್ಲಿ ಇದ್ದ ಉಪಾಯವೆಂದರೆ ಸಂಚಾರ. ಒಂದು ಕಣಿವೆಯಲ್ಲಿ ಹಿಮ ಹೆಚ್ಚಾದರೆ ಗಾಳಿ ಹಿಮವನ್ನು ಗುಡಿಸಿಬಿಡುವ ಇನ್ನೊಂದು ಬಯಲಿಗೆ ಹೋಗುತ್ತಿದ್ದ. ಸಿಕ್ಕಿಮಿನ ಈ ಪಶುಪಾಲಕರು ಟಿಬೆಟ್ ಗಡಿಯ ಎರಡೂ ಬದಿಯ ಹುಲ್ಲುಗಾವಲುಗಳನ್ನು ಋತುವಿಗೆ ತಕ್ಕಂತೆ ಬಳಸುತ್ತಿದ್ದರು. 1962ರ ಯುದ್ಧದೊಂದಿಗೆ ಗಡಿ ಮುಚ್ಚಿತು. ಲಡಾಖಿನಲ್ಲಿಯೂ ಅರುಣಾಚಲದಲ್ಲಿಯೂ ಇದೇ ಆಯಿತು. ಹಿಂಡು ಹಾಗೆಯೇ ಉಳಿಯಿತು, ಅದು ನಡೆಯುವ ನೆಲ ಕುಗ್ಗಿತು.

ಗಡಿ ಮುಚ್ಚಿದ್ದರಿಂದ ನಿಂತದ್ದು ಮೇವು ಮಾತ್ರವಲ್ಲ. ಟಿಬೆಟ್ಟಿನಿಂದ ಹೊಸ ರಕ್ತದ ಹೋರಿಗಳು ಬರುವುದೂ ನಿಂತಿತು. ಅಲ್ಲಲ್ಲಿ ಚದುರಿದ ಚಿಕ್ಕ ಹಿಂಡುಗಳಲ್ಲಿ ಒಂದೇ ಹೋರಿ ತನ್ನ ಮಗಳಿಗೂ ಮೊಮ್ಮಗಳಿಗೂ ಗಬ್ಬ ಕಟ್ಟಿಸುವಂತಾಯಿತು. ಅಂತಹ ಒಳಸಂತಾನದಿಂದ ಕರುಗಳ ಗಾತ್ರ ಕುಗ್ಗುವುದು, ರೋಗ ತಡೆಯುವ ಶಕ್ತಿ ಕುಂದುವುದು, ಬಂಜೆತನ ಹೆಚ್ಚುವುದು ಪಶುವಿಜ್ಞಾನ ಬಲ್ಲ ಸಂಗತಿ.

ನಷ್ಟದ ಆಳವನ್ನು ತಿಳಿಯಲು ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಿ ನೋಡಬಹುದು. ಒಂದು ಮನೆಯಲ್ಲಿ ಕರು ಹಾಕುವ 20 ಹೆಣ್ಣು ಯಾಕುಗಳಿವೆ ಎಂದು ಭಾವಿಸಿರಿ. ಒಂದು ಚಳಿಗಾಲದಲ್ಲಿ ಎಂಟು ಸತ್ತು 12 ಉಳಿದವು. ಎರಡು ವರ್ಷಕ್ಕೊಂದು ಕರುವಿನಂತೆ ವರ್ಷಕ್ಕೆ ಆರು ಕರು, ಅವುಗಳಲ್ಲಿ ಮೂರು ಹೆಣ್ಣು. ತೋಳ, ರೋಗ, ಚಳಿಗಳಿಗೆ ಒಂದು ಹೋದರೆ ಉಳಿದದ್ದು ಎರಡು. ಮುದಿಯಾಗಿ ಹಿಂಡಿನಿಂದ ಹೊರಬೀಳುವುದು ವರ್ಷಕ್ಕೆ ಒಂದು ಎಂದರೂ ನಿವ್ವಳ ಹೆಚ್ಚಳ ವರ್ಷಕ್ಕೆ ಒಂದೇ. ಮೊದಲಿನ 20ಕ್ಕೆ ಮರಳಲು ಎಂಟು ವರ್ಷಗಳಿಗೆ ಕಡಿಮೆಯಿಲ್ಲ. ಕರುಗಳು ಬೆಳೆಯಲು ಬೇಕಾದ ನಾಲ್ಕು ವರ್ಷಗಳನ್ನು ಈ ಲೆಕ್ಕಕ್ಕೆ ಸೇರಿಸಿಯೇ ಇಲ್ಲ. ಆ ನಡುವೆ ಇನ್ನೊಂದು ಕೆಟ್ಟ ಚಳಿಗಾಲ ಬಂದರೆ? ಆ ಮನೆಯ ಮಗ ರಸ್ತೆ ಕೆಲಸಕ್ಕೋ ಪ್ರವಾಸಿಗರ ವಾಹನ ನಡೆಸಲಿಕ್ಕೋ ಹೋಗುವುದನ್ನು ಸೋಮಾರಿತನವೆಂದು ಜರೆಯುವವರು ಮೊದಲು ಈ ಲೆಕ್ಕವನ್ನು ಮಾಡಬೇಕು.

ಮೇಯುವಿಕೆಯೇ ನಾಶವೇ?

ಪಶುಪಾಲಕರ ಮೇಲಿನ ಹಳೆಯ ಆರೋಪವೆಂದರೆ, ಅವರು ಬೆಟ್ಟವನ್ನು ಬೋಳಾಗಿಸುತ್ತಾರೆ ಎಂಬುದು. 1968ರಲ್ಲಿ ಗ್ಯಾರೆಟ್ ಹಾರ್ಡಿನ್ ಎಂಬ ಅಮೆರಿಕದ ವಿಜ್ಞಾನಿ ಬರೆದ ಒಂದು ಲೇಖನ ಈ ವಾದಕ್ಕೆ ಬಲ ಕೊಟ್ಟಿತು. ಎಲ್ಲರಿಗೂ ಸೇರಿದ ಹುಲ್ಲುಗಾವಲಿನಲ್ಲಿ ಪ್ರತಿಯೊಬ್ಬನೂ ತನ್ನ ಲಾಭಕ್ಕಾಗಿ ಒಂದೊಂದು ದನವನ್ನು ಹೆಚ್ಚಿಸುತ್ತ ಹೋಗಿ ಕೊನೆಗೆ ಎಲ್ಲರೂ ಹಾಳಾಗುತ್ತಾರೆ ಎಂಬುದು ಅವನ ಪ್ರತಿಪಾದನೆ. ಎಲಿನಾರ್ ಆಸ್ಟ್ರಂ ಎಂಬ ವಿದುಷಿ 1990ರ ತನ್ನ ಗ್ರಂಥದಲ್ಲಿ ಇದಕ್ಕೆ ಉತ್ತರವಿತ್ತಳು. ಸಾಮೂಹಿಕ ಸಂಪತ್ತನ್ನು ಬಳಸುವವರೇ ನಿಯಮ ರೂಪಿಸಿ, ತಪ್ಪಿದವರಿಗೆ ದಂಡ ವಿಧಿಸಿ, ಶತಮಾನಗಳ ಕಾಲ ಕಾಪಾಡಿಕೊಂಡು ಬಂದ ನಿದರ್ಶನಗಳನ್ನು ಅವಳು ಲೋಕದ ನಾನಾ ಭಾಗಗಳಿಂದ ಸಂಗ್ರಹಿಸಿದಳು. 2009ರಲ್ಲಿ ಅವಳಿಗೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು.

ಅಂತಹ ನಿದರ್ಶನ ಲಾಚೆನ್ ಮತ್ತು ಲಾಚುಂಗ್ ಕಣಿವೆಗಳಲ್ಲಿಯೇ ಇದೆ. ಅಲ್ಲಿ ಜುಮ್ಸಾ ಎಂಬ ಗ್ರಾಮಸಭೆಯಿದೆ. ಮನೆಯ ಯಜಮಾನರು ಸೇರಿ ಪಿಪೋನ್ ಎಂಬ ಮುಖ್ಯಸ್ಥನನ್ನು ಆರಿಸುತ್ತಾರೆ. ಯಾವ ದಿನ ಹಿಂಡುಗಳು ಮೇಲೇರಬೇಕು, ಯಾವ ದಿನ ಕೆಳಗಿಳಿಯಬೇಕು, ಯಾವ ಹುಲ್ಲುಗಾವಲನ್ನು ಎಲ್ಲಿಯವರೆಗೆ ಮುಟ್ಟಬಾರದು ಎಂಬುದನ್ನು ಸಭೆ ನಿಶ್ಚಯಿಸುತ್ತದೆ. ಮುರಿದವನಿಗೆ ದಂಡವುಂಟು. ಸಿಕ್ಕಿಂ ಸರ್ಕಾರವೂ ಈ ಸಭೆಗಳಿಗೆ ಪಂಚಾಯಿತಿಯ ಸ್ಥಾನಮಾನ ನೀಡಿ ಮನ್ನಿಸಿದೆ.

ಮೇಯುವಿಕೆಯಿಂದ ಹಾನಿಯೇ ಇಲ್ಲ ಎಂಬುದೂ ಸರಿಯಲ್ಲ. ಒಂದೇ ಜಾಗದಲ್ಲಿ ವರ್ಷವಿಡೀ ನಿಂತ ಹಿಂಡು ನೆಲವನ್ನು ತುಳಿದು ಬೋಳಾಗಿಸುತ್ತದೆ. ರುಚಿಯಾದ ಹುಲ್ಲು ಹೋಗಿ ದನ ಮುಟ್ಟದ ಕಳೆ ಉಳಿಯುತ್ತದೆ. ಹಿಂಡು ತೀರ ಇಲ್ಲದಿದ್ದರೆ ಕುಬ್ಜ ರೋಡೋಡೆಂಡ್ರಾನ್ ಮೊದಲಾದ ಪೊದೆಗಳು ಹಬ್ಬಿ ಹುಲ್ಲುಗಾವಲು ಮುಚ್ಚುತ್ತದೆ. ಹುಲ್ಲು ಉಳಿಯುವುದು ಮೇಯ್ದು ಮುಂದೆ ಹೋಗುವ ಹಿಂಡಿನಿಂದ. ಆದ್ದರಿಂದ ಮೇಯಿಸಬೇಕೋ ಬೇಡವೋ ಎಂದು ಕೇಳಿದರೆ ಸಾಲದು. ಎಷ್ಟು ಹಿಂಡು, ಎಷ್ಟು ದಿನ, ಯಾವ ಋತುವಿನಲ್ಲಿ ಎಂದು ಕೇಳಬೇಕು.

1998ರಲ್ಲಿ ಸಿಕ್ಕಿಂ ಸರ್ಕಾರ ಮೀಸಲು ಅರಣ್ಯಗಳಲ್ಲಿ ಜಾನುವಾರು ಮೇಯಿಸುವುದನ್ನು ನಿಷೇಧಿಸಿತು. ಅನಂತರದ ವರ್ಷಗಳಲ್ಲಿ ಪಶ್ಚಿಮ ಸಿಕ್ಕಿಮಿನ ಕಾಡುಗಳಲ್ಲಿದ್ದ ದೊಡ್ಡಿಗಳು ತೆರವಾದವು. ಕಾಡು ಕೆಲವೆಡೆ ಚಿಗುರಿತು ಎಂಬುದನ್ನು ಅಲ್ಲಗಳೆಯಲಾಗದು. ಹಾಗೆಯೇ, ಹಿಂಡು ಮಾರಿ ಕೂಲಿಯಾದ ಮನೆಗಳ ನಷ್ಟವನ್ನು ಯಾವ ಅರಣ್ಯ ವರದಿಯೂ ತುಂಬಿಕೊಡಲಾರದು. ಕೆಳಕಾಡಿನ ದನಕ್ಕೂ ಮರಗಳ ಗಡಿಯ ಮೇಲಿನ ಯಾಕಿಗೂ, ನೆಲೆನಿಂತ ದೊಡ್ಡಿಗೂ ಸಂಚರಿಸುವ ಹಿಂಡಿಗೂ ಒಂದೇ ಅಳತೆಗೋಲು ಹಿಡಿಯುವ ಕಾನೂನು ಅನ್ಯಾಯಕ್ಕೆ ದಾರಿಯಾಗುತ್ತದೆ.

ಇದು ಮಲೆನಾಡಿನವರಿಗೆ ಅಪರಿಚಿತವಾದ ಮಾತಲ್ಲ. ಸೊಪ್ಪಿನಬೆಟ್ಟ, ಗೋಮಾಳ, ಹಾಡಿಗಳು ಕುಗ್ಗಿದಂತೆ ಮಲೆನಾಡು ಗಿಡ್ಡದ ಹಿಂಡುಗಳು ಕರಗಿದ್ದನ್ನು ಇಲ್ಲಿಯ ಹಿರಿಯರು ಕಂಡಿದ್ದಾರೆ. ಆ ತಳಿ ಇಂದು ರಾಷ್ಟ್ರೀಯ ತಳಿಗಳ ಪಟ್ಟಿಯಲ್ಲಿ ದಾಖಲಾಗಿದೆ. ಆದರೆ ಪಟ್ಟಿಯಲ್ಲಿ ಮೇವು ಬೆಳೆಯುವುದಿಲ್ಲ.

ಇತ್ತೀಚಿನ ಪ್ರಯತ್ನಗಳು

ಸರ್ಕಾರ ಏನೂ ಮಾಡಿಲ್ಲವೆಂದರೆ ತಪ್ಪಾದೀತು. ಅರುಣಾಚಲದ ದಿರಾಂಗಿನಲ್ಲಿ 1989ರಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ರಾಷ್ಟ್ರೀಯ ಯಾಕ್ ಸಂಶೋಧನಾ ಕೇಂದ್ರ ಆರಂಭವಾಯಿತು. ಚಳಿಗಾಲದ ಮೇವಿನ ಕೊರತೆಗೆ ಒಣಹುಲ್ಲು, ಧಾನ್ಯ, ಖನಿಜಗಳನ್ನು ಒತ್ತಿ ಇಟ್ಟಿಗೆಯಂತೆ ಮಾಡಿದ ಮೇವಿನ ಅಚ್ಚುಗಳನ್ನು ಕೇಂದ್ರ ರೂಪಿಸಿದೆ. ಹೊರಲೂ ಕೂಡಿಡಲೂ ಅವು ಸುಲಭ. ಒಳಸಂತಾನ ತಡೆಯಲು ಉತ್ತಮ ಹೋರಿಗಳ ವೀರ್ಯ ಸಂಗ್ರಹ, ತಳಿ ಸುಧಾರಣೆಯ ಕೆಲಸವೂ ನಡೆದಿದೆ. 2018ರಲ್ಲಿ ಅರುಣಾಚಲಿ ಯಾಕ್ ದೇಶದ ಮೊದಲ ದಾಖಲಿತ ಯಾಕ್ ತಳಿಯಾಯಿತು. 2021ರಲ್ಲಿ ಯಾಕಿಗೆ ವಿಮೆಯ ವ್ಯವಸ್ಥೆ ಬಂದಿತು. 2022ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಯಾಕನ್ನು ಆಹಾರ ಪ್ರಾಣಿಯೆಂದು ಮಾನ್ಯ ಮಾಡಿದುದರಿಂದ ಅದರ ಹಾಲಿನ ಮತ್ತು ಮಾಂಸದ ಉತ್ಪನ್ನಗಳಿಗೆ ಅಧಿಕೃತ ಮಾರುಕಟ್ಟೆಯ ಬಾಗಿಲು ತೆರೆಯಿತು. 2023ರಲ್ಲಿ ಅರುಣಾಚಲದ ಯಾಕ್ ಚುರ್ಪಿಗೆ ಭೌಗೋಳಿಕ ಸೂಚಿ ದೊರೆಯಿತು.

ಇವೆಲ್ಲ ಬೇಕಾದವೇ. ಆದರೆ ಒಂದೊಂದಕ್ಕೂ ಒಂದು ತೊಡಕಿದೆ. ವಿಮೆಯ ಹಣ ಪಡೆಯಲು ಸತ್ತ ಪ್ರಾಣಿಯ ಕಿವಿಯ ಗುರುತು, ಪಶುವೈದ್ಯರ ಪತ್ರ ಬೇಕು. ಆರು ತಿಂಗಳು ದಾರಿ ಮುಚ್ಚಿದ ಕಣಿವೆಗೆ ಪಶುವೈದ್ಯ ಬರುವುದು ಹೇಗೆ? ಮೇವಿನ ಅಚ್ಚುಗಳು ಹಿಮ ಬಿದ್ದ ಮೇಲೆ ಹೊರಟರೆ ಪ್ರಯೋಜನವಿಲ್ಲ. ಅಕ್ಟೋಬರಿನ ಒಳಗೆ ಕಣಿವೆಯ ಉಗ್ರಾಣದಲ್ಲಿರಬೇಕು. ಭೌಗೋಳಿಕ ಸೂಚಿಯಿಂದ ಹೆಸರು ಬರುತ್ತದೆ. ಬೆಲೆ ಬರಬೇಕಾದರೆ ಹಾಲಿನ ಶುಚಿ, ತೂಕ, ಗುಣಮಟ್ಟ ನೋಡಿಕೊಳ್ಳುವ ಪಶುಪಾಲಕರದೇ ಸಹಕಾರ ಸಂಘ ಬೇಕು. ಇಲ್ಲವಾದರೆ ಹೆಸರು ಬೆಟ್ಟದ್ದು, ಲಾಭ ಪೇಟೆಯದು. ನೇಪಾಳದ ಲಾಂಗ್ಟಾಂಗ್ ಕಣಿವೆಯಲ್ಲಿ 1950ರ ದಶಕದಲ್ಲಿಯೇ ಹೊರಗಿನ ತಜ್ಞರ ನೆರವಿನಿಂದ ಯಾಕ್ ಹಾಲಿನ ಚೀಸ್ ತಯಾರಿಕೆ ಆರಂಭವಾಯಿತು. ಹುಲ್ಲುಗಾವಲಿಗೆ ಹತ್ತಿರದಲ್ಲಿಯೇ ಹಾಲು ಕೊಳ್ಳುವ ಜಾಗವಿದ್ದರೆ ಕಾಯುವವನ ಕೈಗೆ ನಗದು ಬರುತ್ತದೆ ಎಂಬ ಪಾಠ ಅಲ್ಲಿ ದೊರೆಯುತ್ತದೆ. 2015ರ ಭೂಕಂಪದಲ್ಲಿ ಆ ಕಣಿವೆಯ ಹಳ್ಳಿಯೇ ಹಿಮ ಮತ್ತು ಬಂಡೆಗಳಡಿ ಹೂತುಹೋಯಿತು. ಬೆಟ್ಟದ ಬದುಕಿಗೆ ಮಾರುಕಟ್ಟೆಯೊಂದೇ ಆಸರೆಯಲ್ಲ ಎಂಬ ಇನ್ನೊಂದು ಪಾಠವೂ ಅಲ್ಲಿಯೇ ಇದೆ.

ರೋಗದ ಕಡೆಗೂ ಲಕ್ಷ್ಯ ಬೇಕು. ಪಟ್ಟಣ ಮತ್ತು ಶಿಬಿರಗಳ ಕಸ ತಿಂದು ಬೆಳೆದ ಬೀದಿನಾಯಿಗಳು ಎತ್ತರದ ಕಣಿವೆಗಳಲ್ಲಿ ಹೆಚ್ಚುತ್ತಿವೆ. ಅವು ಕರುಗಳನ್ನು ಕೊಲ್ಲುವುದಲ್ಲದೆ ಒಂದು ಬಗೆಯ ಲಾಡಿಹುಳುವನ್ನು ಹರಡುತ್ತವೆ. ಅದರ ಮರಿ ಯಾಕಿನ ಮಿದುಳು ಸೇರಿ ನೀರುಗುಳ್ಳೆಯಾಗಿ ಬೆಳೆಯುತ್ತದೆ. ಪ್ರಾಣಿ ತಲೆ ವಾಲಿಸಿ, ಒಂದೇ ಕಡೆಗೆ ಸುತ್ತುತ್ತ, ಕೊನೆಗೆ ಸಾಯುತ್ತದೆ. ಸತ್ತ ಯಾಕಿನ ತಲೆಯನ್ನು ನಾಯಿ ತಿಂದರೆ ಚಕ್ರ ಮತ್ತೆ ಆರಂಭ. ನಾಯಿಗಳಿಗೆ ಹುಳುವಿನ ಔಷಧ ಹಾಕುವುದು, ಸತ್ತ ಪ್ರಾಣಿಯ ತಲೆಯನ್ನು ಹೂಳುವುದು ಅಥವಾ ಸುಡುವುದು, ಕಸವನ್ನು ಮುಚ್ಚುವುದು: ಈ ಮೂರೂ ಅಗ್ಗದ ಉಪಾಯಗಳು. ಆದರೆ ಇಡೀ ಕಣಿವೆ ಒಟ್ಟಾಗಿ ಮಾಡದಿದ್ದರೆ ಒಬ್ಬನ ಎಚ್ಚರ ವ್ಯರ್ಥ.

ಯುವಕರು ಏಕೆ ಉಳಿಯುತ್ತಿಲ್ಲ?

ಲಡಾಖಿನ ಚಾಂಗ್ಥಾಂಗಿನಲ್ಲಿ ಚಾಂಗ್ಪಾ ಪಶುಪಾಲಕರು ಯಾಕಿನ ಕೂದಲಿನಿಂದ ನೇಯ್ದ ರೆಬೋ ಎಂಬ ಕಪ್ಪು ಡೇರೆಗಳಲ್ಲಿ ಬದುಕುತ್ತಿದ್ದರು. ಅವರಲ್ಲಿ ಖಾರ್ನಾಕ್ ಸಮುದಾಯದ ಬಹುಪಾಲು ಕುಟುಂಬಗಳು ಹಿಂಡು ಬಿಟ್ಟು ಲೇಹ್ ಪಟ್ಟಣದ ಹೊರವಲಯದಲ್ಲಿ ನೆಲೆಸಿವೆ. ಆ ಬಡಾವಣೆಗೆ ಖಾರ್ನಾಕ್ಲಿಂಗ್ ಎಂದೇ ಹೆಸರು. ಶಾಲೆ, ಆಸ್ಪತ್ರೆ, ವಿದ್ಯುತ್ತು, ಕೂಲಿ ಎಲ್ಲವೂ ಪಟ್ಟಣದಲ್ಲಿವೆ. ಮಗುವನ್ನು ಶಾಲೆಗೆ ಕಳುಹಿಸಬೇಕಾದರೆ ತಾಯಿ ಪಟ್ಟಣದಲ್ಲಿರಬೇಕು, ತಂದೆಯೊಬ್ಬನೇ ಹಿಂಡಿನೊಂದಿಗೆ ಇರಬೇಕು. ಹಾಲು ಕರೆಯುವುದು, ಬೆಣ್ಣೆ ಕಡೆಯುವುದು, ನೂಲುವುದು ಹೆಚ್ಚಾಗಿ ಹೆಣ್ಣುಮಕ್ಕಳ ದುಡಿಮೆ. ತಾಯಿ ಇಳಿದ ಮೇಲೆ ಹಿಂಡಿನ ಆದಾಯವೂ ಇಳಿಯುತ್ತದೆ. ಒಂದೆರಡು ಚಳಿಗಾಲದ ಬಳಿಕ ತಂದೆಯೂ ಇಳಿಯುತ್ತಾನೆ.

ಇಳಿದವರನ್ನು ದೂಷಿಸುವ ಹಕ್ಕು ಯಾರಿಗೂ ಇಲ್ಲ. ಸಂಪ್ರದಾಯದ ಹೆಸರಿನಲ್ಲಿ ಅವರು ಚಳಿಯಲ್ಲಿಯೇ ಇರಲಿ, ಅವರ ಮಕ್ಕಳು ಅಕ್ಷರವಿಲ್ಲದೆ ಇರಲಿ ಎಂದು ಬಯಸುವುದು ಪರಿಸರ ಪ್ರೇಮವಲ್ಲ. ಉಳಿಯಬೇಕೆನ್ನುವವನಿಗೆ ಉಳಿಯುವ ದಾರಿಯಿರಬೇಕು ಎಂಬುದಷ್ಟೇ ಇಲ್ಲಿಯ ವಾದ. ಇಂದು ಆ ದಾರಿ ಇಲ್ಲವಾಗುತ್ತಿದೆ. ಹಿಂಡನ್ನು ಬಿಟ್ಟ ಮನೆಯವರು ಮತ್ತೆ ಹತ್ತು ವರ್ಷದ ಮೇಲೆ ಬೇಕೆಂದರೂ ಮರಳಲಾರರು. ಯಾವ ತೊರೆಯ ಹಿಂದೆ ಹಿಮ ಮೊದಲು ಕರಗುತ್ತದೆ, ಯಾವ ಹುಲ್ಲು ಕರು ಹಾಕಿದ ಯಾಕಿಗೆ ಒಳ್ಳೆಯದು, ಆಕಾಶ ಯಾವ ಬಣ್ಣಕ್ಕೆ ತಿರುಗಿದಾಗ ಹಿಂಡನ್ನು ಇಳಿಸಬೇಕು ಎಂಬ ತಿಳಿವಳಿಕೆ ನಡೆಯುವ ಕಾಲಿನಲ್ಲಿ ಮಾತ್ರ ಉಳಿಯುತ್ತದೆ. ಪ್ರಾಣಿಯನ್ನು ಸಂಶೋಧನಾ ಕೇಂದ್ರದಲ್ಲಿ ಉಳಿಸಬಹುದು, ವೀರ್ಯವನ್ನು ಹೆಪ್ಪುಗಟ್ಟಿಸಿ ಇಡಬಹುದು. ಈ ತಿಳಿವಳಿಕೆಯನ್ನು ಹಾಗೆ ಇಡಲಾಗದು.

ಆಗಬೇಕಾದದ್ದು

ಇಷ್ಟರಿಂದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ.

ಒಂದು, ಸಂಚಾರದ ಹಕ್ಕು. 2006ರ ಅರಣ್ಯ ಹಕ್ಕು ಕಾಯಿದೆಯ ಮೂರನೆಯ ವಿಧಿ ಅಲೆಮಾರಿ ಮತ್ತು ಪಶುಪಾಲಕ ಸಮುದಾಯಗಳ ಮೇವಿನ ಹಕ್ಕನ್ನೂ ಋತುಮಾನದ ಬಳಕೆಯನ್ನೂ ಸ್ಪಷ್ಟವಾಗಿ ಹೇಳುತ್ತದೆ. ಅದು ಅನ್ವಯವಾಗುವೆಡೆಯಲ್ಲೆಲ್ಲ ಹಿಂಡಿನ ದಾರಿಗಳನ್ನು ಗುರುತಿಸಿ ದಾಖಲಿಸಬೇಕು. ರಸ್ತೆ, ಅಣೆಕಟ್ಟು, ಶಿಬಿರ, ತೋಟಗಳ ಯೋಜನೆ ಮಾಡುವ ಮುನ್ನ ಚಳಿಗಾಲದ ತಗ್ಗಿನ ಹುಲ್ಲುಗಾವಲುಗಳನ್ನು ನಕಾಶೆಯ ಮೇಲೆ ತೋರಿಸಬೇಕು. ಬೇಸಿಗೆಯ ಬಯಲು ಎಷ್ಟೇ ವಿಶಾಲವಾಗಿರಲಿ, ಹಿಂಡಿನ ಗಾತ್ರವನ್ನು ನಿರ್ಧರಿಸುವುದು ಚಳಿಗಾಲದ ಮೇವು.

ಎರಡು, ಸಭೆಯ ಅಧಿಕಾರ. ಜುಮ್ಸಾದಂತಹ ಸ್ಥಳೀಯ ಸಭೆಗಳಿರುವಲ್ಲಿ ಅವುಗಳ ನಿಯಮಕ್ಕೆ ಬೆಲೆ ಕೊಡಬೇಕು. ಇಲ್ಲದಿರುವಲ್ಲಿ ಪಶುಪಾಲಕರು ಮತ್ತು ಹುಲ್ಲುಗಾವಲಿನ ಒಡೆಯರು ಕೂಡಿ ರೂಪಿಸಿಕೊಳ್ಳಬೇಕು.

ಮೂರು, ಹಿಮ ಬೀಳುವ ಮುನ್ನ ಮೇವು. ಪ್ರತಿ ಕಣಿವೆಯಲ್ಲಿ ಕಾವಲುಳ್ಳ ಮೇವಿನ ಉಗ್ರಾಣವಿರಬೇಕು. ಸತ್ತ ಮೇಲೆ ಕೊಡುವ ಪರಿಹಾರಕ್ಕಿಂತ ಬದುಕಿಸುವ ಹುಲ್ಲು ಅಗ್ಗ.

ನಾಲ್ಕು, ಹೋರಿಗಳ ವಿನಿಮಯ. ಗಡಿ ತೆರೆಯುವವರೆಗೆ ಕಾಯುವಂತಿಲ್ಲ. ಲಡಾಖ್, ಹಿಮಾಚಲ, ಸಿಕ್ಕಿಂ, ಅರುಣಾಚಲಗಳ ಹಿಂಡುಗಳ ನಡುವೆ ಪರೀಕ್ಷಿಸಿದ ಹೋರಿಗಳ ಮತ್ತು ವೀರ್ಯದ ವಿನಿಮಯ ನಿಯತವಾಗಿ ನಡೆಯಬೇಕು.

ಐದು, ಹಿಂಡಿನೊಂದಿಗೆ ನಡೆಯುವ ಶಾಲೆ ಮತ್ತು ಚಿಕಿತ್ಸೆ. ಬೇಸಿಗೆಯ ಹುಲ್ಲುಗಾವಲಿನಲ್ಲಿ ಕೆಲವು ತಿಂಗಳ ಶಾಲೆ, ಸಮುದಾಯದ ಯುವಕ ಯುವತಿಯರಿಗೇ ಪಶುಚಿಕಿತ್ಸೆಯ ತರಬೇತಿ, ಬಿಸಿಲಿನ ವಿದ್ಯುತ್ತು: ಇವು ದುಬಾರಿ ಬೇಡಿಕೆಗಳಲ್ಲ.

ವಿಶ್ವಸಂಸ್ಥೆಯು 2026ನ್ನು ಹುಲ್ಲುಗಾವಲುಗಳ ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷವೆಂದು ಘೋಷಿಸಿತು. 2024ರ ಅಕ್ಟೋಬರಿನಲ್ಲಿ ಆರಂಭವಾದ ಭಾರತದ 21ನೆಯ ಜಾನುವಾರು ಗಣತಿಯಲ್ಲಿ ಮೊದಲ ಬಾರಿಗೆ ಪಶುಪಾಲಕರ ವಿವರಗಳನ್ನೂ ಕಲೆಹಾಕುವ ಏರ್ಪಾಡಾಯಿತು. ಅಲ್ಲಿಯವರೆಗೆ ದನದ ಎಣಿಕೆ ಇತ್ತು, ಅದನ್ನು ಕಾಯುವವನ ಎಣಿಕೆ ಇರಲಿಲ್ಲ. ಎಣಿಕೆಗೆ ಬಾರದವನ ಹಕ್ಕು ಯೋಜನೆಗೂ ಬಾರದು.

ವಿದ್ಯಾರ್ಥಿಗಳಿಗೆ ಒಂದು ಮಾತು. ಹಿಮಾಲಯ ದೂರವಿದೆ. ಆದರೆ ಪ್ರತಿ ಬೆಟ್ಟದ ಊರಿನಲ್ಲಿಯೂ ದನ ಹೋಗುತ್ತಿದ್ದ ಹಳೆಯ ದಾರಿಯೊಂದಿರುತ್ತದೆ. ಅದು ಎಲ್ಲಿಂದ ಎಲ್ಲಿಗೆ ಹೋಗುತ್ತಿತ್ತು, ಯಾವಾಗ ಮುಚ್ಚಿತು, ಯಾರು ಮುಚ್ಚಿದರು, ಅನಂತರ ಆ ಊರಿನ ಹಿಂಡು ಏನಾಯಿತು ಎಂಬುದನ್ನು ಅಜ್ಜ ಅಜ್ಜಿಯರನ್ನು ಕೇಳಿ ಬರೆದಿಡಿರಿ. ಮುಗುಥಾಂಗಿನಲ್ಲಿ 300 ಯಾಕುಗಳು ಏಕೆ ಸತ್ತವು ಎಂಬುದು ಆ ಬರಹದಿಂದ ಇನ್ನಷ್ಟು ಚೆನ್ನಾಗಿ ಅರ್ಥವಾದೀತು. ಮುಂದೆ ದೇವಾಲಯದಲ್ಲಿ ಚಾಮರ ಬೀಸುವುದನ್ನು ಕಂಡಾಗ, ಆ ಕೂದಲಿನ ಹಿಂದೆ ಒಂದು ಪ್ರಾಣಿಯೂ, ಆ ಪ್ರಾಣಿಯ ಹಿಂದೆ ಹಿಮದಲ್ಲಿ ನಡೆಯುವ ಒಬ್ಬ ಮನುಷ್ಯನೂ ಇರುವುದು ನೆನಪಾಗಲಿ.